ಹಣೆ ಮುಟ್ಟಿ ನೋಡುತ್ತಿದ್ದ ಸುಬೇದಾರ ಸರ್

ಇಮಾಮ್‌ಸಾಬ್ ಸುಬೇದಾರ ಸರ್ ಯಾರ ಕೈಗೇ ಆಗಲಿ ಪಿಸ್ತೂಲು ಕೊಡುವ ಮೊದಲು ಅವರ ಹಣೆ ಮುಟ್ಟಿ ನೋಡುತ್ತಿದ್ದರು. ಅಂಗೈಯಿಂದಲ್ಲ, ಹಿಂಗೈಯಿಂದ, ತಾಯಂದಿರು ಮಲಗಿದ ಕೂಸಿನ ಹಣೆ ಮುಟ್ಟುವ ಹಾಗೆ. ಎತ್ತರದ ಆಳು, ಮುಪ್ಪಿನಲ್ಲೂ ಬಾಗದ ಬೆನ್ನು, ಸೈನ್ಯದಲ್ಲಿ ಬೆಳೆಸಿದ್ದ ದಪ್ಪ ಮೀಸೆ. ಅಂಥವರು ಕಾಲೇಜು ಹುಡುಗ ಹುಡುಗಿಯರ ಸಾಲಿನ ಮುಂದೆ ಒಬ್ಬೊಬ್ಬರ ಹಣೆ ಮುಟ್ಟುತ್ತ ಬರುವುದನ್ನು ಮೊದಲ ಸಲ ಕಂಡವರಿಗೆ ನಗು ಬರುತ್ತಿತ್ತು. ನನಗೂ ಬಂದಿತ್ತು. ಹಣೆ ಕೊಂಚ ಬೆಚ್ಚಗಿದ್ದರೂ ಸಾಕು, "ಇವತ್ತ ಬ್ಯಾಡ. ಮನಿಗೆ ಹೋಗು, ಗಂಜಿ ಕುಡದು ಮಲ್ಕೋ" ಎಂದು ಕಳಿಸಿಬಿಡುತ್ತಿದ್ದರು. ಬೇಸಿಗೆಯಲ್ಲಿ, ಕಿಕ್ಕಿರಿದ ಬಸ್ಸಿನಲ್ಲಿ ನಿಂತು ಬ್ಯಾಡಗಿಗೆ ಬಂದವರ ಹಣೆ ಬಿಸಿಯಾಗಿರದೆ ಇನ್ನೇನಾಗಿರುತ್ತದೆ? ಅದಕ್ಕೂ ಅವರಲ್ಲಿ ಉಪಾಯವಿತ್ತು. ಮೊದಲು ಫ್ಯಾನಿನ ಕೆಳಗೆ ಕೂರಿಸಿ, ನೀರು ಕುಡಿಸಿ, ಬೆವರು ಆರಿದ ಮೇಲೆ ಮತ್ತೊಮ್ಮೆ ಮುಟ್ಟಿ ನೋಡುತ್ತಿದ್ದರು.

ನಾನಾಗ ಬ್ಯಾಡಗಿಯಲ್ಲಿ ಡಿಗ್ರಿ ಓದುತ್ತಿದ್ದೆ. ನಮ್ಮೂರು ಕದರಮಂಡಲಗಿ. ಆಂಜನೇಯನ ಗುಡಿಯ ಹತ್ತಿರ ಅಪ್ಪನ ಚಹಾದ ಅಂಗಡಿ. ಕಾಲೇಜಿನ ಎನ್‌ಸಿಸಿ ಶಿಬಿರದಲ್ಲಿ ಒಮ್ಮೆ ರೈಫಲ್ ಹಿಡಿದಿದ್ದೆನಷ್ಟೇ. ಅದರ ಹುಚ್ಚು ಹತ್ತಿ, ಸುಬೇದಾರ ಸರ್ ನಡೆಸುತ್ತಿದ್ದ ರೇಂಜಿಗೆ ಸೇರುತ್ತೇನೆಂದು ಹಟ ಹಿಡಿದೆ. ಅವ್ವ, "ಹೆಣ್ಮಗಳ ಕೈಯಾಗ ಪಿಸ್ತೂಲ್ ಯಾಕಬೇ? ಯಾರನ್ನ ಕೊಲ್ಲಾಕ ಹೊಂಟೀದಿ?" ಎಂದಳು. ಅಪ್ಪ ಮಾತ್ರ ನನ್ನ ಜೊತೆ ಬಸ್ಸು ಹತ್ತಿದ.

ರೇಂಜ್ ಎಂದರೆ ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿದ್ದ ಒಂದು ಹಳೆಯ ಗೋದಾಮು. ಪರಿಚಯದ ವ್ಯಾಪಾರಿಯೊಬ್ಬರು ಖಾಲಿ ಬಿದ್ದದ್ದನ್ನು ಇವರಿಗೆ ಬಿಟ್ಟುಕೊಟ್ಟಿದ್ದರು. ಒಂದು ತುದಿಯಲ್ಲಿ ನೆಲದ ಮೇಲೆ ಬಿಳಿ ಗೆರೆ ಮತ್ತು ಸಾಲು ಮೇಜುಗಳು, ಇನ್ನೊಂದು ತುದಿಯಲ್ಲಿ ಬಲ್ಬಿನ ಬೆಳಕಿನಲ್ಲಿ ಕಪ್ಪು ವೃತ್ತದ ಗುರಿಹಲಗೆಗಳು. ನಾವು ಕಲಿಯುತ್ತಿದ್ದುದು ಗಾಳಿಯ ಒತ್ತಡದಿಂದ ಸೀಸದ ಪುಟ್ಟ ಗುಂಡು ಹಾರಿಸುವ ಸ್ಪರ್ಧೆಯ ಪಿಸ್ತೂಲು. ಸುಗ್ಗಿಯ ತಿಂಗಳುಗಳಲ್ಲಿ ಮಾರುಕಟ್ಟೆಯ ಘಾಟು ಒಳಗೆಲ್ಲ ತುಂಬಿ, ಗುರಿ ಹಿಡಿದು ನಿಂತವರು ಒಬ್ಬರಾದ ಮೇಲೊಬ್ಬರು ಸೀನುತ್ತಿದ್ದೆವು. "ಸೀನು ಬಂತಂದ್ರ ಮೊದಲ ಪಿಸ್ತೂಲ್ ಮೇಜಿನ ಮ್ಯಾಲಿಡು, ಬೆರಳು ತಗಿ, ಆಮ್ಯಾಲ ಸೀನು" ಎನ್ನುವುದು ಸರ್ ಅವರ ಆಜ್ಞೆ. "ಸೀನಿಗೂ ಹುಕುಂ ಕೊಡ್ತೀರೇನ್ರೀ ಸರ್?" ಎಂದರೆ, "ಫೌಜಿನಾಗ ಅದಕ್ಕೂ ಹುಕುಂ ಇತ್ತು" ಎಂದು ಮೀಸೆಯಡಿ ನಗುತ್ತಿದ್ದರು.

ಬಹಳ ದಿನ ಅವರು ನನಗೆ ಗುಂಡೇ ಕೊಡಲಿಲ್ಲ. ಕಾಲುಗಳನ್ನು ಭುಜದಷ್ಟು ಅಗಲಿಸಿ ನಿಲ್ಲು, ಎಡಗೈ ಜೇಬಿಗೆ ಹಾಕು, ಬಲಗೈ ಎತ್ತು, ಇಳಿಸು. ಇಷ್ಟೇ. ನನ್ನ ಮುಂದೆ ಗುರಿಯೂ ಇರಲಿಲ್ಲ, ಬರೀ ಬಿಳಿ ಹಾಳೆ. ಪಿಸ್ತೂಲಿನ ಹಿಂಬದಿಯ ಕಚ್ಚಿನ ನಡುವೆ ನಳಿಗೆಯ ತುದಿಯ ಪುಟ್ಟ ಕಡ್ಡಿ ಸರಿಯಾಗಿ ಕೂತಿದೆಯೇ ಎಂದು ನೋಡುವುದೇ ಪಾಠ.

"ಕಡ್ಡಿ ನೋಡು. ಗುರಿ ನೋಡಬ್ಯಾಡ. ಗುರಿ ಎಲ್ಲಿಗೂ ಓಡಿ ಹೋಗೂದಿಲ್ಲ. ಅದು ಮಸಕಾಗೇ ಕಾಣ್ಬೇಕು."

ನನ್ನ ಕೈ ನಡುಗುತ್ತಿತ್ತು. ಎಷ್ಟು ಬಿಗಿ ಹಿಡಿದರೂ ಕಡ್ಡಿ ಕುಣಿಯುತ್ತಿತ್ತು. ಒಂದು ದಿನ ಅಳುವೇ ಬಂತು. ಸರ್ ಹತ್ತಿರ ಬಂದು ಕೇಳಿದರು.

"ಯಾಕವಾ ಗಿರಿಜಾ?"

"ಕೈ ನಿಲ್ಲವಲ್ದ್ರಿ ಸರ್."

"ನಿಲ್ಲೂದಿಲ್ಲ. ನಿನ್ನ ಎದಿ ಬಡ್ಕೊಳ್ಳಾಕತ್ತೈತಿ, ಉಸುರು ಆಡಾಕತ್ತೈತಿ, ಕೈ ಒಂದ ಹ್ಯಾಂಗ ಸುಮ್ನ ಇದ್ದೀತು? ನಂದೂ ಅಲಗಾಡತೈತಿ. ಅಲಗಾಡ್ಲಿ ಬಿಡು. ಅದು ಅಲಗಾಡೂ ಹೊತ್ತಿಗೇ ಬೆರಳು ಮೆಲ್ಲಕ ಹಿಂದಕ್ಕ ಬರ್ಲಿ. ಗುಂಡು ಯಾವಾಗ ಹೋತಂತ ನಿನಗೂ ಗೊತ್ತಾಗಬಾರದು."

ಆಮೇಲೆ ಅವರು ಎಲ್ಲಕ್ಕಿಂತ ಹೆಚ್ಚು ಸಲ ಹೇಳುತ್ತಿದ್ದ ಮಾತು ಹೇಳಿದರು. "ಸರಿ ಅನಸ್ಲಿಲ್ಲಂದ್ರ ಕೈ ಇಳಸು. ಇಳಸಾಕ ನಾಚಿಕಿ ಪಡಬ್ಯಾಡ. ಎತ್ತೀನಿ ಅಂತ ಹೊಡೀಲೇಬೇಕಂತ ಎಲ್ಲೂ ಬರದಿಲ್ಲ."

ಬೈಯುವುದು ಅವರಿಗೆ ಬರುತ್ತಿರಲಿಲ್ಲ. ಒಮ್ಮೆ ರಾಣೆಬೆನ್ನೂರಿನಿಂದ ಬಂದಿದ್ದ ಹೊಸ ಹುಡುಗನೊಬ್ಬ ಮೊಬೈಲಿನಲ್ಲಿ ರೀಲ್ ಮಾಡಲೆಂದು ಖಾಲಿ ಪಿಸ್ತೂಲನ್ನು ಗೆಳೆಯನ ಎದೆಗೆ ಹಿಡಿದು ಡೈಲಾಗ್ ಹೊಡೆದ. ಗೋದಾಮಿನ ಆ ಕಡೆಯಿಂದ ಸರ್ ನಡೆದು ಬಂದರು. ಪಿಸ್ತೂಲು ಇಸಿದುಕೊಂಡು ಪೆಟ್ಟಿಗೆಯಲ್ಲಿಟ್ಟರು. "ಖಾಲಿ ಇತ್ರೀ ಸರ್" ಎಂದ ಹುಡುಗ. "ಖಾಲಿ ಇದ್ದದ್ದು ನಿನಗ ಗೊತ್ತಿತ್ತು. ಎದುರಿಗೆ ನಿಂತಾವಗ ಗೊತ್ತಿತ್ತೇನು? ಅವನ ಮುಖ ನೋಡು" ಎಂದರು. ಗೆಳೆಯನ ಮುಖ ಬಿಳಿಚಿಕೊಂಡಿತ್ತು. ಹುಡುಗನನ್ನು ಮನೆಗೆ ಕಳಿಸಿದರು. ಅವನು ಮತ್ತೆ ಬಂದು ಬಾಗಿಲಲ್ಲಿ ನಿಂತಾಗ ಏನೂ ಕೇಳದೆ ಒಳಗೆ ಕರೆದು ಹಣೆ ಮುಟ್ಟಿದರು.

ಆ ಹಣೆ ಮುಟ್ಟುವ ರೂಢಿ ಎಲ್ಲಿಂದ ಬಂತೆಂದು ನನಗೆ ತಿಳಿದದ್ದು ಎರಡನೆಯ ವರ್ಷ. ಜಿಲ್ಲೆಯಿಂದ ರಾಜ್ಯದ ಸ್ಪರ್ಧೆಗೆ ಹೋಗುವವರನ್ನು ಆರಿಸುವ ದಿನ ಹತ್ತಿರವಿತ್ತು. ನನಗೆ ಸಣ್ಣಗೆ ಜ್ವರ ಬಂದಿತ್ತು. ಸರ್‌ಗೆ ತಿಳಿದರೆ ಮನೆಗೆ ಕಳಿಸುತ್ತಾರೆಂದು ನಲ್ಲಿಯ ಕೆಳಗೆ ಮುಖವೊಡ್ಡಿ, ಹಣೆ ತಣ್ಣಗೆ ಮಾಡಿಕೊಂಡು ಸಾಲಿನಲ್ಲಿ ನಿಂತೆ. ಅವರು ಹಣೆ ಮುಟ್ಟಿದರು. ಒದ್ದೆ ಕೂದಲು ನೋಡಿದರು. ಆಮೇಲೆ ಕುತ್ತಿಗೆಯ ಹಿಂದೆ ಮುಟ್ಟಿದರು.

ರೇಂಜಿಗೆ ಬೀಗ ಹಾಕಿಸಿ, ನನ್ನನ್ನೂ ಗೆಳತಿಯೊಬ್ಬಳನ್ನೂ ಆಟೋದಲ್ಲಿ ಕೂರಿಸಿ, ತಾವು ಹಿಂದಿನಿಂದ ಬೈಕಿನಲ್ಲಿ ಹಾವೇರಿಯ ಆಸ್ಪತ್ರೆಯವರೆಗೂ ಬಂದರು. ರಕ್ತ ಕೊಟ್ಟು ಕುಳಿತೆವು. ವರದಿ ಬರುವವರೆಗೆ ಅವರು ಕೂರಲಿಲ್ಲ. ಸೈನ್ಯದಲ್ಲಿ ಪಹರೆ ನಿಂತವರ ಹಾಗೆ ಗೋಡೆಯ ಪಕ್ಕ ನಿಂತೇ ಇದ್ದರು. ಸಾದಾ ಶೀತಜ್ವರ, ಹೆದರುವುದೇನಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಬೆಂಚಿಗೆ ಬಂದು ಕುಸಿದರು. ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅಷ್ಟು ಜನರ ನಡುವೆ, ಅಷ್ಟು ದೊಡ್ಡ ಮನುಷ್ಯ ಅಳುವುದನ್ನು ನೋಡಿ ನಾನೂ ಗೆಳತಿಯೂ ತಲೆ ತಗ್ಗಿಸಿ ಕೂತೆವು.

ಅವರೇ ಹೇಳಿದರು.

"ನನಗೊಬ್ಬಾಕಿ ಮಗಳಿದ್ಲವಾ, ಶಬಾನಾ. ಆಗ ನಿನ್ನಷ್ಟ ವಯಸ್ಸು. ಭಾಳ ಛಲೋ ಹೊಡೀತಿದ್ಲು. ಹಿಂಗ ಆಯ್ಕಿ ದಿನ ಮುಂಜಾನೆದ್ದು, ಅಬ್ಬಾ ಮೈ ಬಿಸಿ ಆಗೇತಿ, ಕಣ್ಣ ಗುಡ್ಡಿ ನೋಯ್ತಾವು ಅಂದ್ಲು. ನಾ ಹಣಿ ಸೈತ ಮುಟ್ಟಿ ನೋಡ್ಲಿಲ್ಲ. ಫೌಜಿನಾಗ ಜ್ವರಕ್ಕ ರಜಾ ಇಲ್ಲ, ನಡಿ ಅಂದೆ."

ಕರವಸ್ತ್ರ ಮಡಿಚಿ ಜೇಬಿಗಿಟ್ಟರು.

"ಬಂದ್ಲು. ಎದುರು ಮಾತಾಡಾಕಿ ಅಲ್ಲ ಅಕಿ. ನಿಂತ್ಲು, ಎಲ್ಲಾ ಗುಂಡು ಹೊಡದ್ಲು. ಹಿಂದ ಯಾವತ್ತೂ ಹೊಡೀಲಾರದಷ್ಟು ಛಲೋ ಹೊಡದ್ಲು. ನಾ ಶಾಬಾಸ್ ಅಂದೆ. ನೋಡು, ಜ್ವರ ಎಲ್ಲಿ ಹೋತು ಅಂದೆ. ನಕ್ಕಳು. ಮನಿಗೆ ಬಂದಾಕಿ ಹಾಸಿಗಿ ಹಿಡದ್ಲು. ಡೆಂಗಿ ಅಂದ್ರು. ವಾರ ತುಂಬಲಿಲ್ಲ."

ಗೆಳತಿ ಅಳತೊಡಗಿದಳು. ಸರ್ ಎದ್ದು ಹೋಗಿ ನಮ್ಮಿಬ್ಬರಿಗೂ ಬಿಸಿ ಹಾಲು ತಂದರು.

ಜ್ವರ ಬಿಟ್ಟ ಮೇಲೆ ನಾನು ಆಯ್ಕೆಯಾದೆ. ಆದರೆ ರಾಜ್ಯದ ಸ್ಪರ್ಧೆಗೆಂದು ಬೆಂಗಳೂರಿಗೆ ಹೊರಡುವ ಕೆಲವೇ ದಿನ ಮೊದಲು ನಾನು ಬಳಸುತ್ತಿದ್ದ ರೇಂಜಿನ ಪಿಸ್ತೂಲು ಕೆಟ್ಟಿತು. ಗಾಳಿ ತುಂಬುವ ಸಿಲಿಂಡರು ಸೋರತೊಡಗಿ, ಗುಂಡುಗಳು ಎಲ್ಲೆಲ್ಲೋ ಬೀಳುತ್ತಿದ್ದವು. ರಿಪೇರಿಗೆ ಕಳಿಸಿದರೆ ಸಮಯಕ್ಕೆ ಬರುವುದಿಲ್ಲ. ಉಳಿದವು ಇನ್ನೂ ಹಳೆಯವು. ಸರ್ ಬಹಳ ಹೊತ್ತು ಆ ಸಿಲಿಂಡರು ತಿರುಗಿಸುತ್ತ ಕೂತಿದ್ದು, "ನಾಳೆ ಅಪ್ಪನ್ನ ಕರ್ಕೊಂಡು ನಮ್ಮನಿಗೆ ಬಾ" ಎಂದರು.

ಅವರ ಮನೆ ಹಾವೇರಿಯ ಆಚೆ ಕರ್ಜಗಿಯಲ್ಲಿ. ಅಪ್ಪನೂ ನಾನೂ ಹೋದಾಗ ಅಂಗಳದಲ್ಲಿ ಹೊರಸಿನ ಮೇಲೆ ಒಂದು ಕಪ್ಪು ಪೆಟ್ಟಿಗೆ ತೆರೆದಿತ್ತು. ಒಳಗೆ ಶಬಾನಾಳ ಪಿಸ್ತೂಲು. ಅದರ ಮರದ ಹಿಡಿಯನ್ನು ಅವಳ ಕೈಗೆ ಅಳತೆ ಮಾಡಿ ಕೆತ್ತಲಾಗಿತ್ತು. ಬೆರಳಿಗೊಂದೊಂದು ತಗ್ಗು, ಹೆಬ್ಬೆರಳಿಗೆ ಒಂದು ಆಸರೆ. ನಾನು ಹಿಡಿದೆ. ನನ್ನ ಕೈ ದೊಡ್ಡದು. ಬೆರಳುಗಳು ಆ ತಗ್ಗುಗಳಲ್ಲಿ ಕೂರಲಿಲ್ಲ.

"ಕೆರೀಬೇಕಾಗ್ತೈತಿ" ಎಂದರು ಸರ್. ಮರ ಉಜ್ಜುವ ಅರ ತಂದರು. ಹಿಡಿಯ ಮೇಲೆ ಇಟ್ಟರು. ಕೈ ಮುಂದೆ ಹೋಗಲಿಲ್ಲ. ಮತ್ತೆ ಇಟ್ಟರು, ತೆಗೆದರು. ಅಪ್ಪ ಮೆಲ್ಲಗೆ, "ಬ್ಯಾಡ ಬಿಡ್ರಿ ಸಾಹೇಬ್ರ. ಬರೂ ವರ್ಷ ಹೋಗ್ತಾಳ" ಎಂದ.

ಅಷ್ಟರಲ್ಲಿ ಚಹಾ ತಂದ ಅವರ ಹೆಂಡತಿ ಖೈರೂನ್ ಚಾಚಿ ಬಾಗಿಲಲ್ಲಿ ನಿಂತರು. ಸಣ್ಣ ಮೈಯ, ಕಡಿಮೆ ಮಾತಿನ ಹೆಂಗಸು. ಗಂಡನ ಕೈ, ಪಿಸ್ತೂಲು, ನನ್ನ ಮುಖ, ಎಲ್ಲ ನೋಡಿದರು. ಚಹಾದ ತಟ್ಟೆ ನೆಲದ ಮೇಲಿಟ್ಟು ಬಂದು ಗಂಡನ ಕೈಯಿಂದ ಅರ ತೆಗೆದುಕೊಂಡರು.

"ಇತ್ತ ಕೊಡ್ರಿ. ಕಟಗಿ ಇದು. ಮಗಳಲ್ಲ."

ಹೊರಸಿನ ಮೇಲೆ ಕೂತು ತಾವೇ ಕೆರೆಯತೊಡಗಿದರು. "ಹಿಡಿ ನೋಡೂಣು" ಎನ್ನುವರು. ನಾನು ಹಿಡಿದು ಎಲ್ಲಿ ಒತ್ತುತ್ತದೆಂದು ತೋರಿಸುವೆ. ಮತ್ತೆ ಕೆರೆಯುವರು. ಸರ್ ಗೋಡೆಗೆ ಒರಗಿ, ಬೇರೆ ಕಡೆ ಮುಖ ಮಾಡಿ, ಆ ಸದ್ದು ಕೇಳುತ್ತ ಕೂತಿದ್ದರು. ಚಹಾ ಯಾರೂ ಕುಡಿಯಲಿಲ್ಲ. ನನ್ನ ಬೆರಳುಗಳು ಕೊನೆಗೂ ಹಿಡಿಯೊಳಗೆ ಸರಿಯಾಗಿ ಕೂತಾಗ ಚಾಚಿ ನನ್ನ ಕೈಯ ಮೇಲೆ ತಮ್ಮ ಕೈಯಿಟ್ಟು, ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡರು. ಮಡಿಲಲ್ಲಿ ಬಿದ್ದಿದ್ದ ಮರದ ಪುಡಿಯನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಒಳಗೆ ಹೋದವರು ನಾವು ಹೊರಡುವವರೆಗೂ ಹೊರಗೆ ಬರಲಿಲ್ಲ.

ಬೆಂಗಳೂರಿನಲ್ಲಿ ನಾನು ಗೆಲ್ಲಲಿಲ್ಲ. ಕೊನೆಯ ಸುತ್ತಿನವರೆಗೆ ಹೋಗಿ ಪದಕವಿಲ್ಲದೆ ಹೊರಬಿದ್ದೆ. ಅವರ ಮಗಳ ಪಿಸ್ತೂಲು ಹಿಡಿದೂ ಸೋತೆನೆಂಬ ಸಂಕಟ. ಮೆಟ್ಟಿಲ ಮೇಲೆ ಕೂತು ಫೋನು ಮಾಡಿದೆ. ಎಷ್ಟು ಅಂಕ ಎಂದು ಸರ್ ಕೇಳಲೇ ಇಲ್ಲ.

"ಕೈ ಇಳಿಸಿದಿ ಏನು?"

"ಭಾಳ ಸಲ ಇಳಸೀನ್ರಿ ಸರ್. ಕೊನೀಗೆ ಟೈಮ್ ಸಾಲಲಿಲ್ಲ."

"ಶಾಬಾಸ್" ಎಂದರು. ಆಮೇಲೆ, "ಊಟ ಮಾಡು. ರೈಲಿನಾಗ ಕಿಡಕಿ ಹಂತೇಕ ಕುಂದ್ರಬ್ಯಾಡ, ಥಂಡಿ ಐತಿ" ಎಂದರು.

ಮುಂದೆ ನನಗೆ ಹಾವೇರಿಯ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿಯ ಕೆಲಸ ಸಿಕ್ಕಿತು. ರೇಂಜಿಗೆ ಹೋಗುವುದು ರಜೆಯ ದಿನಗಳಿಗಷ್ಟೇ ಉಳಿಯಿತು. ಅವರನ್ನು ಕೊನೆಯ ಸಲ ಕಂಡದ್ದು ಹಾವೇರಿಯ ಬಸ್ ನಿಲ್ದಾಣದ ಎದುರು. ಚಾಚಿಗೆ ಚಪ್ಪಲಿ ಕೊಳ್ಳಲು ಬಂದಿದ್ದರು. ಅಳತೆಗೆಂದು ಹಳೆಯದೊಂದನ್ನು ಕಾಗದದಲ್ಲಿ ಸುತ್ತಿ ತಂದಿದ್ದರು. ಇಬ್ಬರೂ ಚಹಾ ಕುಡಿದೆವು. ನಾನು ಏನೂ ಕೇಳದಿದ್ದರೂ ಶಬಾನಾಳ ಮಾತು ತೆಗೆದರು. ಆಸ್ಪತ್ರೆಯ ಆ ದಿನದ ನಂತರ ಅವಳ ಹೆಸರನ್ನು ಅವರ ಬಾಯಲ್ಲಿ ಕೇಳಿರಲಿಲ್ಲ.

"ಅಕೀಗೆ ಬದನಿಕಾಯಿ ಆಗ್ತಿರಲಿಲ್ಲ ನೋಡು. ತಾಟಿನಾಗಿಂದು ಮೆಲ್ಲಕ ನನ್ನ ತಾಟಿಗೆ ದಾಟಸ್ತಿದ್ಲು. ನಾ ನೋಡೇ ಇಲ್ಲ ಅನ್ನೂವಂಗ ತಿಂದು ಬಿಡ್ತಿದ್ದೆ."

ಹೇಳಿ ನಕ್ಕರು. ಮಗಳ ನೆನಪಿಗೆ ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕರ್ಜಗಿಯ ಬಸ್ಸು ಬಂತು. ಬೈಕು ಬಿಟ್ಟು ಬಸ್ಸೇಕೆ ಎಂದು ಕೇಳಿದ್ದಕ್ಕೆ, "ಸ್ವಲ್ಪ ದಣಿವಾಕ್ಕತಿ ಈಗ" ಎಂದು ಹತ್ತಿದರು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ನಮಾಜು ಮುಗಿಸಿ ಮನೆಗೆ ಬಂದು ಕೂತ ಸರ್ ಹಾಗೇ ಹೋಗಿಬಿಟ್ಟರು. ಎದೆಬಡಿತ ನಿಂತಿತ್ತು. ಸುದ್ದಿ ತಿಳಿದು ನಾನು ಕರ್ಜಗಿಗೆ ಹೋದಾಗ ಓಣಿ ತುಂಬ ಜನ. ಬ್ಯಾಡಗಿ, ರಾಣೆಬೆನ್ನೂರಿನಿಂದ ಅವರ ಹಳೆಯ ಶಿಷ್ಯರೆಲ್ಲ ಬಂದಿದ್ದರು. ಪಿಸ್ತೂಲು ಹಿಡಿದು ರೀಲ್ ಮಾಡಿದ್ದ ಆ ಹುಡುಗ ಈಗ ದೊಡ್ಡವನಾಗಿ, ಬಂದವರಿಗೆ ನೀರು ಕೊಡುತ್ತಿದ್ದ. ಹೆಂಗಸರು ನನಗೆ ದಾರಿ ಬಿಟ್ಟು, ಮುಖ ನೋಡಲು ಒಳಗೆ ಕಳಿಸಿದರು. ನಿದ್ದೆಯಲ್ಲಿದ್ದಂತೆ ಇದ್ದರು. ಮೀಸೆ ಮಾತ್ರ ಯಾರೋ ಬಾಚಿದಂತೆ ಸಪಾಟಾಗಿತ್ತು.

ಗಂಡಸರು ಅವರನ್ನು ಹೆಗಲ ಮೇಲೆ ಹೊತ್ತು ಕಬರಸ್ತಾನಕ್ಕೆ ನಡೆದರು. ಹೆಂಗಸರು ಮನೆಯಲ್ಲೇ ಉಳಿದೆವು. ನಾನು ಖೈರೂನ್ ಚಾಚಿಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತೆ. ಅವರು ಅಳುತ್ತಿರಲಿಲ್ಲ. ಓಣಿಯಲ್ಲಿ ಹೆಜ್ಜೆಗಳ ಸದ್ದು ಪೂರ್ತಿ ಅಡಗುವವರೆಗೆ ಬಾಗಿಲ ಕಡೆಗೇ ನೋಡುತ್ತಿದ್ದು, ಆಮೇಲೆ ನನ್ನ ಕೈ ಹಿಡಿದುಕೊಂಡರು.

"ಶಬಾನಾನ ಬಾಜೂಕ ಜಾಗ ಐತೆವಾ. ಅಲ್ಲೇ ಇಡ್ತಾರ" ಎಂದರು. "ಇಷ್ಟು ವರ್ಷ ಇವ್ರು ನನ್ನ ಮುಂದ ಒಂದ ಮಾತು ಆಡ್ಲಿಲ್ಲ, ಅಕೀಗೆ ಜ್ವರ ಬಂದ ಆ ದಿನದ್ದು. ಎಲ್ಲಾ ಅಕೀ ಮುಂದ ಹೇಳಾಕಂತ ಇಟಗೊಂಡಿದ್ರು. ಇನ್ನ ಹೇಳ್ಲಿ ಬಿಡು, ಸಮಾಧಾನಲೆ."