ಅಮ್ಮ ಬಂದ ಮ್ಯಾಟಿನಿ

ನಮ್ಮ ಕಡೆಯ ಹಳ್ಳಿ ನಾಟಕಗಳಲ್ಲಿ ರಾಜ, ಮಂತ್ರಿ, ರಾಕ್ಷಸರೆಲ್ಲ ಊರಿನವರೇ. ರಾಣಿಯನ್ನು ಮಾತ್ರ ಹೊರಗಿನಿಂದ ಕರೆಸುತ್ತಾರೆ. ಹಿಂದೂಪುರದಲ್ಲಿ ಬಾಡಿಗೆ ಮನೆ ಮಾಡಿಕೊಂಡು ನಾನು ಹಾಗೆ ಕರೆಸಿಕೊಳ್ಳುವ ರಾಣಿಯಾಗಿಯೇ ಬದುಕಿದೆ. ಕಲ್ಯಾಣದುರ್ಗದ ಕಡೆ ತೆಲುಗಿನಲ್ಲಿ ಅಳುವುದು, ಗಡಿ ದಾಟಿದರೆ ಕನ್ನಡದಲ್ಲಿ. ಹಗಲು ಕಡಲೆಕಾಯಿ ಕಿತ್ತು ಬಂದ ರಾಜ ರಂಗದ ಮೇಲೆ ಪದ್ಯ ಮರೆತು ನನ್ನ ಮುಖ ನೋಡುತ್ತಿದ್ದ. ಅವನ ಪದ್ಯವನ್ನೂ ನಾನೇ ಎತ್ತಿಕೊಟ್ಟು, ಆಮೇಲೆ ಅವನಿಗೇ ಹೆದರಬೇಕು. ನನ್ನ ರೂಪ ಅಷ್ಟಕ್ಕಷ್ಟೆ. ಅನ್ನ ಹಾಕಿದ್ದು ಗಂಟಲು.

ನಮ್ಮದು ನೇಯ್ಗೆಯವರ ಮನೆ. ಕುಂದುರ್ಪಿ ದಾರಿಯ ಹಳ್ಳಿಯಲ್ಲಿದ್ದ ಅಮ್ಮ, ನಾನು ಬಣ್ಣ ಹಚ್ಚಿದಂದಿನಿಂದ ಒಂದು ನಾಟಕಕ್ಕೂ ಬಂದವಳಲ್ಲ. ಹಬ್ಬಕ್ಕೆ ಹೋದರೆ ಹೊಟ್ಟೆ ತುಂಬ ಬಡಿಸುತ್ತಿದ್ದಳು, ನಾಟಕದ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ. ಒಮ್ಮೆಯಾದರೂ ಅವಳು ಎದುರು ಕೂರಲಿ ಎಂಬ ಆಸೆ ನನ್ನನ್ನು ಬಿಡಲಿಲ್ಲ. ಅಷ್ಟರಲ್ಲಿ ಅವಳ ಕಣ್ಣೇ ಮಂಜಾಗುತ್ತ ಬಂತು.

ಎರಡು ಸಾವಿರದ ಐದೋ ಆರೋ ಇರಬೇಕು, ಚಿಲಮತ್ತೂರಿನ ಹೆದ್ದಾರಿ ಬಳಿ ತೆಲುಗು ಸಿನಿಮಾದವರು ಬಂದಿಳಿದರು. ಹೀರೋನನ್ನು ಬೈಯುವ ಟೀ ಅಂಗಡಿಯವಳ ಪಾತ್ರ ನನಗೆ ಸಿಕ್ಕಿತು. ದಿನವಿಡೀ ಬಿಸಿಲಲ್ಲಿ ನಿಂತು ಬೈದೆ. ಸಿನಿಮಾ ಕಲ್ಯಾಣದುರ್ಗಕ್ಕೆ ಬಂದಾಗ ಅಮ್ಮನಿಗೆ ಹೇಳಿದೆ. "ಸಿನಿಮಾ ಆದ್ರೆ ಬತ್ತೀನಿ. ಆದ್ರೆ ನಂಗೇನು ಕಾಣ್ತೈತೆ?" ಎಂದಳು.

"ಕಾಣ್ದಿದ್ರೆ ಬಿಡು. ನನ್ ಮಾತು ಕೇಳ್ತೈತಲ್ಲ" ಎಂದು ಮ್ಯಾಟಿನಿಗೆ ಕರೆದುಕೊಂಡು ಹೋದೆ.

ಪರದೆಯ ಮೇಲೆ ನಾನು ಬಾಯಿ ತೆರೆದೆ. ಬಂದದ್ದು ಬೇರೊಬ್ಬಳ ದನಿ, ತೆಳ್ಳಗಿನ ಪಟ್ಟಣದ ದನಿ. ಸಣ್ಣ ಪಾತ್ರಗಳಿಗೆ ಆಮೇಲೆ ಬೇರೆಯವರಿಂದ ಮಾತಾಡಿಸುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು. ಅಮ್ಮ ಕಿವಿ ಕೊಟ್ಟು ಕಾಯುತ್ತಲೇ ಇದ್ದಳು.

ಇಂಟರ್ವಲ್ಲಿನಲ್ಲಿ ಕೇಳಿದಳು, "ಯಾವಾಗ್ ಬತ್ತೀಯ?"

"ಬಂದು ಹೋದೆ ಕಣಮ್ಮ. ಆ ಟೀ ಅಂಗಡಿಯೋಳು ನಾನೇ."

"ಅದು ನಿನ್ ಗಂಟ್ಲಲ್ಲ."

ನನಗೆ ಸಿಟ್ಟು ಬಂತು. "ನನ್ ಗಂಟ್ಲು ಎಂಗೈತೆ ಅಂತ ನಿಂಗೇನ್ ಗೊತ್ತು? ಯಾವ್ ನಾಟ್ಕಕ್ಕೆ ಬಂದಿದ್ದೆ ನೀನು?"

ಅಮ್ಮ ಹೇಳಿದಳು, "ಸುತ್ತಲ ಊರಾಗೆ ನಾಟ್ಕ ಆದ್ರೆ ಮರಕ್ಕೆ ಮೈಕು ಕಟ್ತಾರಲ್ಲ. ನಮ್ ಮಾಳಿಗೆ ಮ್ಯಾಗೆ ಚೆನ್ನಾಗಿ ಕೇಳ್ತೈತೆ. ರಾಜ ಪದ್ಯ ಮರೆತ್ರೆ ನೀನು ಮೆಲ್ಲಗೆ ಎತ್ಕೊಡ್ತೀಯ, ಅದೂ ಕೇಳ್ತೈತೆ."

ಉಳಿದ ಸಿನಿಮಾ ನೋಡಲಿಲ್ಲ. ಊರಿನ ಕಡೆ ಹೊರಟ ಜೀಪು ಹತ್ತಿದೆವು. ದಾರಿಯಲ್ಲಿ ಅಮ್ಮ, "ರಾಣಿ ಕಾಡಿಗೆ ಹೋಗೋವಾಗ ಹೇಳ್ತಾಳಲ್ಲ, ಆ ಪದ್ಯ ಹೇಳು" ಎಂದಳು. ಜೀಪಿನ ತುಂಬ ಜನ, ಕಾಲಡಿಯಲ್ಲಿ ಯಾರದೋ ಕೋಳಿ. ನಾಚಿಕೆಯಾಯಿತು. ಆದರೂ ಹಾಡಿದೆ. ಅಮ್ಮ ಎದುರಿನ ಸೀಟಿನಲ್ಲಿ ಕೂತು ಕೇಳಿದಳು.