ಎಳೆದ ಮರಳು

ಕಂಪ್ಯೂಟರ್ ಚಿಪ್ ಮಾಡುವ ಸಿಲಿಕಾನ್ ಬಿಲ್ಲೆಯೊಂದನ್ನು ಡಬ್ಬಿಯಲ್ಲಿಟ್ಟುಕೊಂಡು, ಪರೀಕ್ಷೆ ಮಾಡಿಸಲು ಬಸ್ಸಿನಲ್ಲಿ ಕೊಯಮತ್ತೂರಿಗೆ ಹೊರಟಿದ್ದೆ. ಆರು ತಿಂಗಳ ಕೆಲಸ, ಬೆರಳು ತಾಗಿದರೆ ಹಾಳು. ತಾಳವಾಡಿಯ ಹತ್ತಿರ ಚೆಕ್‌ಪೋಸ್ಟಿನ ಗಾರ್ಡ್ ಬಸ್ಸು ಹತ್ತಿ ಡಬ್ಬಿ ತೆರೆಸಿದರು.

"ಏನವ್ವ ಇದು, ಕನ್ನಡೀನಾ?"

ಸುಳ್ಳು ಹೇಳಲು ಬಾರದ ನಾನು, "ಮರಳಿನಿಂದ ಮಾಡಿದ್ದು ಸರ್," ಎಂದುಬಿಟ್ಟೆ.

"ಮರಳಾ? ಪರ್ಮಿಟ್ ಎಲ್ಲಿ?"

ಬಸ್ಸಿಗೆ ಬಸ್ಸೇ ನನ್ನತ್ತ ತಿರುಗಿತು. ಗಾಬರಿಯಲ್ಲಿ ಇನ್ನಷ್ಟು ವಿವರಿಸಿದೆ. ಮೇಲಿನ ತೆಳು ಪದರವನ್ನು ಎಳೆದು ಹಿಗ್ಗಿಸಿದ್ದೇವೆ, ಹಾಗೆ ಹಿಗ್ಗಿಸಿದರೆ ಕರೆಂಟು ಬೇಗ ಹರಿಯುತ್ತದೆ ಎಂದೆ.

"ಇಗ್ಗಿಸ್ತೀರಾ? ಅಂಗಾದ್ರೆ ಇಲ್ಲಿ ಇಷ್ಟಿರೋದು ಅಲ್ಲೋಗಿ ಎಷ್ಟಾಯ್ತದೋ! ಅಳೀಬೇಕು ಕಣವ್ವ," ಎಂದು ಟೇಪು ಬಿಚ್ಚಿ ಬಿಲ್ಲೆಯತ್ತ ಬೆರಳು ಚಾಚಿದರು.

"ಮುಟ್ಬೇಡಿ!" ಹುಟ್ಟಿದ ಮೇಲೆ ಮೊದಲ ಸಲ ಕಿರುಚಿದೆ.

ಹಿಂದಿನ ಸೀಟಿನ ಅಜ್ಜಿ, "ಬುಡ್ಲಾ ಮಗ, ಒಂದು ಒಬ್ಬಟ್ಟಿನಗಲ ಮರಳಲ್ಲಿ ಅವಳು ಯಾವ ಮನೆ ಕಟ್ಟಾಳು!" ಎಂದರು.

ಬಸ್ಸೆಲ್ಲ ನಕ್ಕಿತು. ಗಾರ್ಡ್ ನಗಲಿಲ್ಲ. ಮುಟ್ಟದೆ, ಮೇಲಿಂದಲೇ ಅಳೆದು ರಿಜಿಸ್ಟರಿನಲ್ಲಿ ಬರೆದರು: "ಎಳೆದ ಮರಳು, ತೆಳ್ಳಗಿನದು, ಒಂದು." ಕೆಳಗೆ ಸೀಲು ಒತ್ತಿದರು.

ಪಿಎಚ್‌ಡಿ ಪ್ರಬಂಧದಲ್ಲಿ ಅದನ್ನೇ ಹೇಳಲು ನನಗೆ ನಲವತ್ತು ಪುಟ ಬೇಕಾಯಿತು. ಅದಕ್ಕೆ ಸೀಲೂ ಇರಲಿಲ್ಲ.