ಅವರ ದನಿ ಇರುವ ಕಂಪ್ಯೂಟರು

ನಮ್ಮ ಮನೆಯ ಕಂಪ್ಯೂಟರು ದಿನಾ ಬೆಳಿಗ್ಗೆ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತದೆ. ಹೊಸ ಆಪರೇಟಿಂಗ್ ಸಿಸ್ಟಂ ಸಿದ್ಧವಾಗಿದೆ, ಈಗಲೇ ಹಾಕಿಕೊಳ್ಳುತ್ತೀರೋ, ಆಮೇಲೋ? ಬೇಡ ಎನ್ನುವುದಕ್ಕೆ ಅಲ್ಲಿ ಜಾಗವೇ ಇಲ್ಲ. ಹೆಣ್ಣು ನೋಡಲು ಬಂದವರು ಮದುವೆ ಮಾಘದಲ್ಲೋ ವೈಶಾಖದಲ್ಲೋ ಎಂದು ಕೇಳಿದ ಹಾಗೆ. ನಾನು ‘ಆಮೇಲೆ’ಯನ್ನು ಒತ್ತಿ ಕೆಲಸಕ್ಕೆ ಕೂರುತ್ತೇನೆ. ಒತ್ತುವ ಮುಂಚೆ ಪ್ರತಿ ಸಲವೂ ಎರಡೆರಡು ಬಾರಿ ನೋಡಿಕೊಳ್ಳುತ್ತೇನೆ. ಕೈತಪ್ಪಿ ಪಕ್ಕದ್ದನ್ನು ಒತ್ತಿಬಿಟ್ಟರೆ ನಮ್ಮ ಯಜಮಾನರ ದನಿ ಹೋಗಿಬಿಡಬಹುದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಂಜನಗೂಡಿನ ನಮ್ಮ ಮನೆಯಲ್ಲಿ, ಬೀದಿ ಕಡೆಯ ಕೋಣೆಯನ್ನು ನಮ್ಮ ಯಜಮಾನರು ರೆಕಾರ್ಡಿಂಗ್ ಸ್ಟುಡಿಯೋ ಮಾಡಿಕೊಂಡಿದ್ದರು. ಸ್ಟುಡಿಯೋ ಅಂದರೆ ದೊಡ್ಡ ಮಾತಾಯಿತು. ಗೋಡೆಗೆ ಹಳೇ ಹಾಸಿಗೆಯ ಹತ್ತಿ ತುಂಬಿದ ಗೋಣಿಚೀಲ, ಕಿಟಕಿಗೆ ರಗ್ಗು, ಒಂದು ಮೈಕು, ಒಂದು ಕಂಪ್ಯೂಟರು, ಅಷ್ಟೆ. ಆಟೋಗೆ ಮೈಕ್ ಕಟ್ಟಿಕೊಂಡು ಊರೂರು ಸುತ್ತುವ ಪ್ರಚಾರಕ್ಕೆ ಅವರು ದನಿ ಕೊಡುತ್ತಿದ್ದರು. ಸೀರೆ ಮಾರಾಟ, ದನಕರುಗಳ ಲಸಿಕೆ, ನಾಲೆಗೆ ನೀರು ಬಿಡುವ ದಿನ, ಕಣ್ಣಿನ ತಪಾಸಣೆ, ಹೊಸ ಹೋಟೆಲು, ಯಾವುದಿದ್ದರೂ ಅವರೇ ಬೇಕು. ನಂಜನಗೂಡು, ನರಸೀಪುರ ಎರಡು ತಾಲ್ಲೂಕಿನಲ್ಲೂ ಆ ದನಿ ಕೇಳದ ಕೇರಿ ಇರಲಿಲ್ಲ. ಹುಲ್ಲಹಳ್ಳಿ ಸಂತೆಗೇ ಕೇಳುವ ಹಾಗೆ ಮಾತಾಡುವ ಮನುಷ್ಯ ಮನೆಯೊಳಗೆ ಬಾಯಲ್ಲಿ ಅಡಿಕೆ ಇಟ್ಟುಕೊಂಡವರಂತೆ ಗೊಣಗುತ್ತಿದ್ದರು. ಸಂತೆಯವರಿಗೆ ಹಬ್ಬದೂಟ, ನನಗೆ ತಂಗಳು ಎಂದು ನಾನು ಎಲ್ಲರೆದುರೂ ಆಡಿಕೊಳ್ಳುತ್ತಿದ್ದೆ.

ದಿನಾ ಹೊಸದಾಗಿ ಕೂಗಿ ಗಂಟಲು ಕಟ್ಟುತ್ತಿತ್ತು. ಅದಕ್ಕೆ ಅವರು ಒಂದು ದಾರಿ ಮಾಡಿಕೊಂಡರು. ಎರಡೂ ತಾಲ್ಲೂಕಿನ ಊರುಗಳ ಹೆಸರನ್ನು ಒಂದೊಂದಾಗಿ ಹೇಳಿ ಕಂಪ್ಯೂಟರಿನಲ್ಲಿ ತುಂಬಿಟ್ಟರು. ವಾರಗಳು, ತಿಂಗಳುಗಳು, ಗಂಟೆಗಳು, ‘ಮಹಾಜನಗಳೇ’, ‘ಮರೆಯದಿರಿ, ಮರೆತು ನಿರಾಶರಾಗದಿರಿ’, ಪಾತ್ರೆ, ಸೀರೆ, ರಸಗೊಬ್ಬರ, ಎಲ್ಲ ಬೇರೆ ಬೇರೆ ತುಂಡು. ಯಾರಾದರೂ ಆರ್ಡರ್ ಕೊಟ್ಟರೆ ಬೇಕಾದ ತುಂಡುಗಳನ್ನು ಪೋಣಿಸಿದರೆ ಮುಗಿಯಿತು. ಹೊಸ ಅಂಗಡಿಯ ಹೆಸರನ್ನೋ ಮತ್ತೊಂದನ್ನೋ ಮಾತ್ರ ಆಗ ಹೇಳಿ ಸೇರಿಸುತ್ತಿದ್ದರು. ಎಲ್ಲಿ ಸೇರಿಸಿದ್ದಾರೆ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ನನಗೂ ಆಗುತ್ತಿರಲಿಲ್ಲ.

ಸಾವಿನ ಸುದ್ದಿಯನ್ನು ಮಾತ್ರ ಅವರು ತುಂಡು ಮಾಡಿ ಇಟ್ಟುಕೊಂಡಿರಲಿಲ್ಲ. ನಮ್ಮ ಕಡೆ ಯಾರಾದರೂ ಹೋದರೆ ಅಕ್ಕಪಕ್ಕದ ಊರಿಗೆ ಆಟೋದಲ್ಲೇ ಸಾರುವುದು ರೂಢಿ. ಅಂಥದ್ದು ಬಂದಾಗ ಅವರು ತಿಂಡಿ ಅರ್ಧಕ್ಕೆ ಬಿಟ್ಟಾದರೂ ಎದ್ದು ಹೋಗಿ, ಸತ್ತವರ ಹೆಸರು ಕೇಳಿ ಬರೆದುಕೊಂಡು, ನಿಧಾನವಾಗಿ ಹೊಸದಾಗಿಯೇ ಹೇಳುತ್ತಿದ್ದರು. ಹೇಳಿ ಬಂದ ಮೇಲೆ ಕಾಲು ತೊಳೆದುಕೊಂಡೇ ಅಡುಗೆಮನೆಗೆ ಬರುವುದು. ಒಂದು ತುಂಡು ಮಾಡಿಟ್ಟುಕೊಂಡರೆ ಸುಲಭ ಅಲ್ಲವೇ ಎಂದು ನಾನು ಕೇಳಿದ್ದಕ್ಕೆ, ಸಾವನ್ನ ಮನೇಲಿ ಸ್ಟಾಕ್ ಇಟ್ಕೋಬಾರ್ದು ಎಂದು ಗದರಿದ್ದರು.

ಹೋದ ವರ್ಷದ ಹಿಂದಿನ ವರ್ಷ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸೋತವು. ಕಾಲು ಅಷ್ಟೋ ಇಷ್ಟೋ ಬಂತು, ಕೋಲು ಹಿಡಿದು ನಡೆಯುತ್ತಾರೆ. ಮಾತು ಬರಲಿಲ್ಲ. ನಾವು ಹೇಳುವುದು ಎಷ್ಟು ತಿಳಿಯುತ್ತದೆ ಎಂದು ಡಾಕ್ಟರನ್ನು ಕೇಳಿದರೆ ಕೆಲವು ತಿಳಿಯುತ್ತವೆ, ಕೆಲವು ಇಲ್ಲ ಎಂದರು. ಯಾವುದು ಯಾವುದು ಎಂದು ಅವರಿಗೂ ಗೊತ್ತಿಲ್ಲ. ಏನು ಕೇಳಿದರೂ ಇವರು ಹೂಂ ಎನ್ನುವಂತೆ ತಲೆಯಾಡಿಸುತ್ತಾರೆ. ಸ್ನಾನ ಮಾಡ್ತೀರಾ ಎಂದರೂ ಅಷ್ಟೆ, ಸ್ನಾನ ಆಯ್ತಲ್ಲ ಎಂದರೂ ಅಷ್ಟೆ.

ಆರ್ಡರುಗಳು ಬರುತ್ತಲೇ ಇದ್ದವು. ಅವರು ಕೆಲಸ ಮಾಡುವಾಗ ಪಕ್ಕದಲ್ಲಿ ಕೂತು ನೋಡಿದ್ದೆನಲ್ಲ, ನಾನೇ ತುಂಡುಗಳನ್ನು ಪೋಣಿಸತೊಡಗಿದೆ. ಅಂಗಡಿಗಳ ಹೆಸರನ್ನು ಅಲ್ಲಿಂದ ಇಲ್ಲಿಂದ ಕತ್ತರಿಸಿ ಹೇಗೋ ಹೊಂದಿಸುತ್ತಿದ್ದೆ. ಸಾವಿನ ಸುದ್ದಿ ಬಂದರೆ ಆಗುವುದಿಲ್ಲ ಎಂದು ಕೈಮುಗಿದು ಕಳಿಸುತ್ತಿದ್ದೆ. ಮನೆ ನಡೆಯಿತು. ಮನೆ ನಡೆಯಲಿ ಎಂದಷ್ಟೇ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಒಗೆದ ಬಟ್ಟೆ ಹರವುವಾಗ ಬೀದಿಯಲ್ಲಿ ಆಟೋ ಹೋಗಿ ಆ ದನಿ ಕೇಳಿದರೆ ನನಗೆ ಸುಖವಾಗುತ್ತಿತ್ತು. ಜಗಲಿಯಲ್ಲಿ ಕೂತ ಅವರಿಗೂ ಆಗುತ್ತಿರಬಹುದು ಅಂದುಕೊಂಡಿದ್ದೆ.

ಆಮೇಲೆ ಕಂಪ್ಯೂಟರಿಗೆ ವಯಸ್ಸಾಯಿತು. ಮೊದಲು ವಾಟ್ಸಾಪ್ ತೆರೆಯುವುದು ನಿಂತಿತು, ಆಮೇಲೆ ಇಂಟರ್‌ನೆಟ್ಟೂ ಆಗಾಗ ಮುನಿಸಿಕೊಳ್ಳತೊಡಗಿತು. ಆಟೋದವರು ಪೆನ್‌ಡ್ರೈವ್ ತಂದು ತುಂಬಿಸಿಕೊಂಡು ಹೋಗುವಂತಾಯಿತು. ರಿಪೇರಿ ಅಂಗಡಿಯವರನ್ನು ಮನೆಗೆ ಕರೆಸಿದೆ. ಅವರು ನೋಡಿ, ಆ ಪೆನ್‌ಡ್ರೈವ್‌ಗಳಲ್ಲಿ ಇಲ್ಲದ ವೈರಸ್ಸಿಲ್ಲ, ಈ ಹಳೇ ಸಿಸ್ಟಂಗೆ ಈಗ ಕಾವಲೂ ಇಲ್ಲ, ಯಾವತ್ತಾದರೂ ಎಲ್ಲ ತಿಂದು ಹಾಕುತ್ತದೆ, ಅಪ್‌ಗ್ರೇಡ್ ಮಾಡಿಬಿಡಿ ಎಂದರು. ಮಾಡಿದರೆ ಈ ತುಂಡುಗಳ ಪ್ರೋಗ್ರಾಂ ತೆರೆಯುತ್ತದೆಯೇ ಎಂದು ಕೇಳಿದೆ. ಅದು ಬಹಳ ಹಳೆಯದು, ಅದನ್ನು ಮಾಡಿದ ಕಂಪನಿಯೇ ಈಗ ಇಲ್ಲ, ತೆರೆದರೂ ತೆರೆಯಬಹುದು ಎಂದರು. ತೆರೆಯದಿದ್ದರೆ ವಾಪಸು ಹಳೆಯದಕ್ಕೆ ಬರಬಹುದೇ? ಬರಬಹುದು, ಬರದೆಯೂ ಇರಬಹುದು. ಹೊಸ ಕಂಪ್ಯೂಟರು ತೆಗೆದುಕೊಂಡು ಇದನ್ನು ಹೀಗೇ ಇಟ್ಟುಬಿಡಿ ಎಂದೂ ಹೇಳಿದರು. ಫಿಸಿಯೋಥೆರಪಿ ನಡೆಯುತ್ತಿರುವ ಮನೆಯಲ್ಲಿ ಹೊಸ ಕಂಪ್ಯೂಟರಿನ ಮಾತೆಲ್ಲಿ ಬಂತು. ಒಟ್ಟಿನಲ್ಲಿ ಮಾಡಿದರೂ ದನಿ ಹೋಗಬಹುದು, ಮಾಡದಿದ್ದರೂ ಹೋಗಬಹುದು. ಇಷ್ಟು ಹೇಳಿ ಅವರು ಕಾಫಿ ಬೇಡವೆಂದು ಬೈಕ್ ಹತ್ತಿದರು. ನನಗೆ ಅವರ ಬೈಕಿನ ಗಾಳಿ ಬಿಟ್ಟುಬಿಡಬೇಕು ಅನ್ನಿಸಿತು.

ಪೆನ್‌ಡ್ರೈವಿಗೆ ಹೋಗುತ್ತಿದ್ದದ್ದು ಪೋಣಿಸಿ ಮುಗಿಸಿದ ಪ್ರಚಾರ ಮಾತ್ರ. ಬಿಡಿ ತುಂಡುಗಳನ್ನು ಹೊರಗೆ ತೆಗೆದು ಬೇರೆ ಕಡೆ ಇಡುವುದಕ್ಕೆ ಆ ಪ್ರೋಗ್ರಾಮಿನಲ್ಲೇ ಒಂದು ದಾರಿ ಇತ್ತು. ಅದಕ್ಕೆ ಇವರು ಪಾಸ್‌ವರ್ಡ್ ಹಾಕಿದ್ದರು, ಬೇರೆ ಪ್ರಚಾರದವರು ಕದಿಯಬಾರದು ಎಂದು. ಮಕ್ಕಳಿಲ್ಲದ ಮನೆ ನಮ್ಮದು, ಮಕ್ಕಳ ಹೆಸರಿಟ್ಟಿರುತ್ತಾರೆ ಎನ್ನುವ ಹಾಗಿಲ್ಲ. ದೇವರ ಹೆಸರು, ಊರಿನ ಹೆಸರು, ಗಾಡಿ ನಂಬರು, ಎಲ್ಲ ಹಾಕಿ ನೋಡಿದೆ. ಕೊನೆಗೆ ಕೀಬೋರ್ಡನ್ನೇ ಬಿಚ್ಚಿ ಜಗಲಿಗೆ ಒಯ್ದು, ಅಕ್ಷರಗಳನ್ನಾದರೂ ತೋರಿಸಲಿ ಎಂದು ಅವರ ತೊಡೆಯ ಮೇಲಿಟ್ಟೆ. ಅವರು ಎಡಗೈ ಬೆರಳಿನಿಂದ ಒಂದು ಅಕ್ಷರ ಒತ್ತಿದರು, ಇನ್ನೊಂದು ಹುಡುಕಿದರು, ಮತ್ತೆ ಮೊದಲನೆಯದಕ್ಕೇ ಬಂದರು. ಹಣೆಯಲ್ಲಿ ಬೆವರು ಬಂತು. ನಾನೇ ಕೀಬೋರ್ಡು ತೆಗೆದುಕೊಂಡು, ಇರಲಿ ಬಿಡಿ, ಅಂಥಾ ಅರ್ಜೆಂಟೇನಿಲ್ಲ ಎಂದು ಸುಳ್ಳು ಹೇಳಿದೆ.

ಹೀಗಿರುವಾಗ ಮೂಗೂರಿನಿಂದ ನನ್ನ ಚಿಕ್ಕಪ್ಪನ ಮಗ ಬಂದ. ಡೇರಿಗೆ ಹಾಲು ಹಾಕಿಕೊಂಡು, ಜಮೀನು ನೋಡಿಕೊಂಡು ಇರುವವನು, ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಅವತ್ತು ಒಂದು ಚಿಪ್ಪು ಬಾಳೆಹಣ್ಣು, ಸೇಬು, ಹೂವಿನ ಹಾರ ಎಲ್ಲ ಹಿಡಿದುಕೊಂಡು ಮುಖ ಅರಳಿಸಿಕೊಂಡು ಬಂದ. ಏನು ವಿಶೇಷ ಎಂದು ನಾನು ಕೇಳುವಷ್ಟರಲ್ಲಿ ಜಗಲಿಯಲ್ಲಿ ಕೂತಿದ್ದ ಇವರ ಕೊರಳಿಗೆ ಹಾರ ಹಾಕಿಬಿಟ್ಟ.

“ಭಾವ, ಮಾತ್ ಬಂದದೆ ಅಂತ ನಮ್ಗೊಂದು ಫೋನ್ ಮಾಡ್ಬಾರ್ದಾ? ಮೊನ್ನೆ ನರಸೀಪುರ್ದ್ ಬಸ್ಟ್ಯಾಂಡ್ನಾಗೆ ನಿಂತಿದ್ದೆ ಕಣಕ್ಕ, ಆಟೋ ಬತ್ತು, ಭಾವನ್ ದನಿ. ಮೊದ್ಲಿನಂಗೇ ಅದೆ. ನಮ್ಮವ್ವ ಕೇಳಿ ಅತ್ತೇ ಬುಟ್ಲು.”

ನಾನು ಬಾಗಿಲಲ್ಲಿ ನಿಂತೇ ಇದ್ದೆ. ಆ ಬಡಪಾಯಿಯ ತಪ್ಪೇನೂ ಇಲ್ಲ. ಆ ದನಿ ಆಟೋದಲ್ಲಿ ಬಂದರೆ ನಮ್ಮ ಕಡೆಯವರು ಅದನ್ನು ರೆಕಾರ್ಡಿಂಗ್ ಅಂದುಕೊಳ್ಳುವುದೇ ಇಲ್ಲ, ನಿನ್ನೆಯೋ ಇವತ್ತೋ ಇವರೇ ಕೂತು ಹೇಳಿದ್ದು ಎಂದೇ ತಿಳಿಯುತ್ತಾರೆ. ಸೋಸಲೆಯ ನಮ್ಮ ನೆಂಟರೂ ಆಗಲೇ ಹಾಗೇ ಅಂದುಕೊಂಡಿದ್ದಾರಂತೆ. ಅವನು ಇವರ ಎದುರು ಕೂತು ಮಳೆ, ಬೆಳೆ, ಹಸು ಕರು ಹಾಕಿದ್ದು ಎಲ್ಲ ಕೇಳುತ್ತಾ ಹೇಳುತ್ತಾ ಹೋದ. ಇವರು ತಲೆಯಾಡಿಸಿದರು. ಅವನು ಉತ್ತರಕ್ಕೆ ಕಾದ. ಮತ್ತೆ ತಲೆಯಾಡಿಸಿದರು. ಅವನಿಗೆ ಮೆಲ್ಲಗೆ ಅರ್ಥವಾಗತೊಡಗಿದಾಗ ಇವರು ಎಡಗೈಯಲ್ಲಿ ಹಾರವನ್ನು ತೆಗೆಯಲು ನೋಡಿದರು. ಅದು ಕಿವಿಗೆ ಸಿಕ್ಕಿಕೊಂಡಿತು. ನಾನು ಓಡಿಹೋಗಿ ಬಿಡಿಸಿದೆ.

ಅವನನ್ನು ಬೀದಿಗೆ ಕರೆದು ವಿಷಯ ಹೇಳಿದೆ. ಅಕ್ಕ, ಅಂಗಾರೆ ಅದು ಯಾರು ಕೂಗ್ತಿರಾದು ಎಂದು ಅವನು ಕೇಳಿದ. ಅವರೇ ಎಂದೆ.

ಅಲ್ಲಿಂದಾಚೆಗೆ ಬೀದಿಯ ತುದಿಯಲ್ಲಿ ಮೈಕಿನ ಸದ್ದು ಕೇಳಿದರೆ ಸಾಕು, ಇವರು ಕೋಲು ಹಿಡಿದು ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತುಬಿಡುತ್ತಾರೆ. ಆಟೋ ದಾಟಿದ ಮೇಲೆ ಬರುತ್ತಾರೆ. ಮೊದಲಿನಿಂದಲೂ ಅವರಿಗೆ ಹಿಂಸೆಯಾಗುತ್ತಿತ್ತೋ, ಅವತ್ತಿನಿಂದ ಶುರುವಾಯಿತೋ, ನನಗೆ ಗೊತ್ತಿಲ್ಲ. ಕೇಳಿದರೆ ತಲೆಯಾಡಿಸುತ್ತಾರೆ. ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಹೇಳಲಾರೆ. ಅಪ್‌ಗ್ರೇಡ್ ಒತ್ತಿಬಿಟ್ಟರೆ ಅವರ ಹಿಂಸೆ ತಪ್ಪಬಹುದು. ಒತ್ತಿದರೆ ನನಗೆ ಉಳಿಯುವುದೇನು?

ಒಂದು ಮಧ್ಯಾಹ್ನ ಬೇರೆ ದಾರಿ ಕಾಣದೆ ಫೋನನ್ನು ಸ್ಪೀಕರಿಗೆ ಒರಗಿಸಿಟ್ಟು, ತುಂಡುಗಳನ್ನು ಒಂದೊಂದಾಗಿ ಹಾಕಿ ಫೋನಿಗೆ ರೆಕಾರ್ಡ್ ಮಾಡಿಕೊಳ್ಳಲು ಕೂತೆ. ದನಿ ಅಷ್ಟು ಚೆನ್ನಾಗಿ ಬರುವುದಿಲ್ಲ, ಆದರೂ ಇರುತ್ತದಲ್ಲ. ಊರುಗಳು ಮುಗಿದವು, ವಾರಗಳು ಮುಗಿದವು. ಅಷ್ಟು ದಿನ ಕೆಲಸಕ್ಕೆ ಬೇಕಾದದ್ದನ್ನಷ್ಟೇ ಹುಡುಕಿದ್ದವಳು ಅವತ್ತು ಮೊದಲ ಸಲ ಎಲ್ಲವನ್ನೂ ಸಾಲಾಗಿ ಕೇಳಿಸಿಕೊಂಡೆ. ಕೇಳುತ್ತಾ ಕೇಳುತ್ತಾ ನನಗೆ ಒಂದು ಆಸೆ ಹುಟ್ಟಿತು. ಇಷ್ಟೊಂದು ಮಾತಿದೆ, ಇದರಲ್ಲಿ ನನಗೆ ಅಂತ ಒಂದು ವಾಕ್ಯ ಪೋಣಿಸಿಕೊಂಡರೆ ಏನಾಗುತ್ತದೆ?

ಅವರು ನನ್ನ ಹೆಸರು ಹಿಡಿದು ಕರೆದವರಲ್ಲ. ನಾನೂ ಅವರ ಹೆಸರು ಹೇಳಿದವಳಲ್ಲ, ನಮ್ಮ ಮನೆಗಳಲ್ಲಿ ಅದೇ ರೀತಿ. ನನ್ನನ್ನು ಇವಳೇ ಅನ್ನುತ್ತಿದ್ದರು. ಇವಳೇ, ಬೀಗ ಹಾಕಿದ್ಯಾ. ಇವಳೇ, ಉಂಡ್ಯಾ. ಇವಳೇ, ಕಾಫಿ. ನಾನು ಹುಡುಕಿದೆ. ಇವಳೇ ಎನ್ನುವುದು ಎಲ್ಲೂ ಇರಲಿಲ್ಲ. ಉಂಡ್ಯಾ ಇರಲಿಲ್ಲ. ಬೀಗ ಇತ್ತು, ಹಾರ್ಡ್‌ವೇರ್ ಅಂಗಡಿಯದು. ಸಾಮೂಹಿಕ ಮದುವೆಯ ಪ್ರಚಾರಕ್ಕೆಂದು ಹೇಳಿದ ಎರಡು ತಾಲ್ಲೂಕಿನ ಎಷ್ಟೋ ಮದುಮಕ್ಕಳ ಹೆಸರುಗಳಿದ್ದವು, ನನ್ನ ಹೆಸರಿನ ಒಬ್ಬಳೂ ಇರಲಿಲ್ಲ. ಮಹಾಜನಗಳಿಗೆ ಏನು ಬೇಕಾದರೂ ಹೇಳಬಹುದಾಗಿದ್ದ ಆ ದನಿಯಿಂದ ಹೆಂಡತಿಗೆ ಒಂದು ಮಾತು ಹೇಳಿಸಲು ಆಗಲಿಲ್ಲ.

ಕಡೆಗೆ ಕಾಫಿಪುಡಿಯ ಒಂದು ಜಾಹೀರಾತು ಸಿಕ್ಕಿತು. ಪುಡಿಯನ್ನು ಕತ್ತರಿಸಿ ಕಾಫಿಯನ್ನಷ್ಟೇ ಉಳಿಸಿಕೊಂಡೆ. ಹಾಕಿದೆ. “ಕಾಫಿ” ಎಂದರು. ಇಡೀ ಸಂತೆಗೆ ಕೇಳುವ ಹಾಗೆ, ಎಳೆದು. ದನಿ ತಗ್ಗಿಸಿ ಮತ್ತೆ ಹಾಕಿದೆ. ತಗ್ಗಿಸಿದರೂ ಅದು ದೂರದಲ್ಲಿ ಕೂಗಿದಂತೆ ಕೇಳಿತೇ ಹೊರತು ಹತ್ತಿರ ಬಂದು ಕೇಳಿದಂತೆ ಆಗಲಿಲ್ಲ. ಎಷ್ಟು ಸಲ ಹಾಕಿದೆನೋ. ಹಿಂದೆ ಕೋಲಿನ ಸದ್ದಾಯಿತು. ಇವರು ಬಾಗಿಲಿಗೆ ಬಂದು ನಿಂತಿದ್ದರು.

ಅಪ್‌ಗ್ರೇಡ್ ಪ್ರಶ್ನೆ ಪರದೆಯ ಮೂಲೆಯಲ್ಲಿ ಇತ್ತು. ನಾನು ಅದನ್ನು ತೋರಿಸಿ, ಇದನ್ನ ಒತ್ತಿಬಿಡಲಾ, ಎಲ್ಲ ಹೋಗಲಿ ಅಂತ ಬಿಟ್ಟುಬಿಡಲಾ ಎಂದು ಕೇಳಿದೆ. ತಲೆಯಾಡಿಸಿದರು. ಹಾಗಾದರೆ ಇಟ್ಟುಕೊಳ್ಳಲಾ ಎಂದೆ. ತಲೆಯಾಡಿಸಿದರು. ನನಗೆ ತಡೆಯಲಾಗಲಿಲ್ಲ.

“ನಿಮಗ್ ಬ್ಯಾಡ್ದೆ ಇರ್ಬೋದು. ನಂಗ್ ಬೇಕು ಕಣ್ರೀ. ನಂಗೆ ಏನೂ ಉಳಿಸ್ದೆ ಎಲ್ಲಾನೂ ಊರೋರ್ಗೇ ಹೇಳ್ಬುಟ್ರಲ್ಲ.”

ಅವರು ಒಂದೊಂದೇ ಹೆಜ್ಜೆ ಇಟ್ಟು ಹತ್ತಿರ ಬಂದರು. ಕೋಲನ್ನು ಮೇಜಿಗೆ ಒರಗಿಸಿದರು. ಎಡಗೈಯಿಂದ ಸ್ಪೀಕರಿನ ಗುಂಡಿ ಹುಡುಕಿ ಆರಿಸಿದರು, ಆಮೇಲೆ ನನ್ನ ಸೆರಗು ಹಿಡಿದು ಅಡುಗೆಮನೆಯ ಕಡೆಗೆ ಎಳೆದರು. ಅವರ ಕಾಫಿಯ ಹೊತ್ತು ಮೀರಿಹೋಗಿತ್ತು. ನಾನು ‘ಆಮೇಲೆ’ ಒತ್ತಿ ಎದ್ದೆ.

ಹಾಲು ಕಾಯಿಸಿ, ಡಿಕಾಕ್ಷನ್ ಬೆರೆಸಿ, ಅವರ ಎಡಗೈಗೆ ಲೋಟ ಕೊಟ್ಟು, ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಅವರು ಸ್ಟೂಲಿನ ಮೇಲೆ ಕೂತು ನಿಧಾನವಾಗಿ ಕುಡಿದರು. ತುಟಿಯ ಬಲಭಾಗದಿಂದ ಸ್ವಲ್ಪ ಕಾಫಿ ಇಳಿಯಿತು, ಸೆರಗಿನಿಂದ ಒರೆಸಿದೆ. ಒರೆಸುತ್ತಾ, ಏನಾದರೂ ಒಂದು ಮಾತು ಹೇಳಿ ಎಂದೆ. ಅವರು ಬಾಯಿ ತೆರೆದು ನನ್ನ ಮುಖವನ್ನೇ ನೋಡುತ್ತಾ ಬಹಳ ಹೊತ್ತು ಪ್ರಯತ್ನಪಟ್ಟರು. ಕೊನೆಗೆ ಖಾಲಿ ಲೋಟವನ್ನು ನನ್ನ ಕೈಗಿಟ್ಟರು.